ಪೇಪರಿನಲ್ಲಿ ಇಲ್ಲದ್ದು

"ಓದೇ ಮಗಾ, ಎಂತಕ್ಕೆ ಸುಮ್ನೆ ನಿಂತೆ?" ಎಂದು ಅಜ್ಜಿ ಸುಬ್ಬಿಯ ಮೊಣಕೈ ತಿವಿದಳು.

ಸುಬ್ಬಿ ಪೇಪರನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದಳು. ಸದ್ಯಕ್ಕೆ ತನ್ನ ಮುಖ ಯಾರಿಗೂ ಕಾಣದಿದ್ದರೆ ಸಾಕಿತ್ತು.

ಜಗಲಿಯಲ್ಲಿ ಅರ್ಧ ಕೊಪ್ಪವೇ ಸೇರಿತ್ತು. ಕುಮಟೆಯ ಹತ್ತಿರದ ಆ ಹಾಲಕ್ಕಿ ಕೇರಿಯನ್ನು ಎಲ್ಲರೂ ಕೊಪ್ಪ ಎಂದೇ ಕರೆಯುತ್ತಿದ್ದರು. ಅಲ್ಲಿದ್ದದ್ದು ಹನ್ನೆರಡು ಮನೆ. ಹನ್ನೆರಡೂ ಮನೆಗೆ ಸೇರಿ ಓದಲು ಬರುತ್ತಿದ್ದದ್ದು ನಾಲ್ಕನೇ ಇಯತ್ತೆಯ ಸುಬ್ಬಿ ಒಬ್ಬಳಿಗೇ. ಯಾರ ಮನೆಗೆ ಕಾಗದ ಬಂದರೂ ಅವಳನ್ನೇ ಕರೆಯುತ್ತಿದ್ದರು. ಅದರಿಂದ ಅವಳಿಗೆ ಸ್ವಲ್ಪ ಜಂಬವೂ ಬಂದಿತ್ತು ಅನ್ನಿ.

ಇವತ್ತು ಆ ಜಂಬವೆಲ್ಲ ಎಲ್ಲಿ ಹೋಯಿತೋ! ಚಾ ಅಂಗಡಿಯ ಮಾದೇವ, "ಕಾಳೀ, ನಿಮ್ಮವರ ಸುದ್ದಿ ಪೇಪರಲ್ಲಿ ಬಂದದೆ" ಎಂದು ನಗುತ್ತಾ ಈ 'ಹೊಳೆದಂಡೆ' ವಾರಪತ್ರಿಕೆಯನ್ನು ಅಜ್ಜಿಯ ಕೈಗೆ ಕೊಟ್ಟಿದ್ದ. ಅವನು ಯಾಕೆ ನಕ್ಕ ಎಂದು ಸುಬ್ಬಿಗೆ ಈಗ ಗೊತ್ತಾಯಿತು.

ಹೊನ್ನಾವರದ ಒಂದು ಸಭೆಯಲ್ಲಿ ಯಾರೋ ದೊಡ್ಡ ಮನುಷ್ಯರು ಭಾಷಣ ಮಾಡಿದ್ದರು. ಅದನ್ನು ಪೇಪರಿನಲ್ಲಿ ಅಚ್ಚು ಹಾಕಿದ್ದರು. 'ಕುತ್ತಿಗೆಗೆ ಮಣಿಸರ ಹೇರಿಕೊಂಡು, ರವಿಕೆಯಿಲ್ಲದೆ ಪೇಟೆಗೆ ಬರುವ ಹಾಲಕ್ಕಿ ಹೆಂಗಸರು ನಮ್ಮ ಜಿಲ್ಲೆಗೆ ನಾಚಿಕೆಗೇಡು. ಇವರು ಮನುಷ್ಯರಿಗಿಂತ ಕಾಡುಮೃಗಗಳಿಗೆ ಹತ್ತಿರ. ಇವರನ್ನು ಸಂತೆಗೆ ಬಿಡಬಾರದು.'

ಸುಬ್ಬಿ ಓರೆಗಣ್ಣಿನಿಂದ ಅಜ್ಜಿಯನ್ನು ನೋಡಿದಳು. ಅಜ್ಜಿಯ ಕುತ್ತಿಗೆಯ ತುಂಬ ಕರಿಮಣಿ ಸರಗಳು. ಕಣ್ಣ ತುಂಬ ಆಸೆ.

"ಹಾಲಕ್ಕಿ ಹೆಂಗಸರು ಬಂದರೆ..." ಸುಬ್ಬಿ ಗಂಟಲು ಸರಿಮಾಡಿಕೊಂಡಳು. "ಬಂದರೆ, ಪೇಟೆಗೇ ಒಂದು ಕಳೆ. ಅವರು ತರುವಂಥ ತಾಜಾ ಸೊಪ್ಪು ಬೇರೆ ಎಲ್ಲಿಯೂ ಸಿಗುವುದಿಲ್ಲ. ಅವರ ಹಾಡು ಕೇಳಲು ಎರಡು ಕಿವಿ ಸಾಲುವುದಿಲ್ಲ."

ಜಗಲಿ ತುಂಬ ನಗು ಎದ್ದಿತು. "ಹೌದನೇ? ಪೇಪರಲ್ಲಿ ಹಂಗೇ ಬರ್ದರಾ?" ಎಂದು ಅಜ್ಜಿ ಬಾಯಿಗೆ ಕೈ ಇಟ್ಟುಕೊಂಡಳು. "ಯಾರೋ ಪುಣ್ಯಾತ್ಮ! ಒಳ್ಳೇದಾಗ್ಲಿ ಅವ್ರಿಗೆ."

ಅಲ್ಲಿಗೆ ಮುಗಿಯಿತು ಎಂದುಕೊಂಡಳು ಸುಬ್ಬಿ. ಮುಗಿಯಲಿಲ್ಲ. ಅಜ್ಜಿ ಆ ಪೇಪರನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮರುದಿನ ಹಾಗೆಯೇ ಸಂತೆಗೆ ಹೊರಟಳು.

"ಪೇಪರ್ ಎಂತಕ್ಕೆ ಅಜ್ಜಿ? ಇಲ್ಲೇ ಇಟ್ಟು ಹೋಗೇ!"

"ನಾಲ್ಕು ಜನಕ್ಕೆ ತೋರ್ಸೂದು ಬ್ಯಾಡ್ವಾ?"

ಆ ದಿನ ಶಾಲೆಯಲ್ಲಿ ಸುಬ್ಬಿಗೆ ಹನ್ನೆರಡರ ಮಗ್ಗಿಯೂ ಬರಲಿಲ್ಲ. ಸಂಜೆ ಅಜ್ಜಿ ಖಾಲಿ ಬುಟ್ಟಿ ಇಳಿಸಿ ಕಾಲು ಚಾಚಿ ಕುಳಿತಳು.

"ಎಂತದೋ ಗೊತ್ತಾಗ್ಲಿಲ್ಲ ಮಗಾ. ಪೇಪರ್ ನೋಡಿದ್ದೇ ಕೆಲವ್ರು ನಗಾಡಿದ್ರು. ಕೆಲವ್ರು ಅತ್ಲಾಗೆ ಮುಖ ತಿರ್ಗಿಸಿದ್ರು. ಒಬ್ರೂ ಎಂತದೂ ಹೇಳ್ಲಿಲ್ಲ."

ಈಗ ನಿಜ ಹೇಳಿಬಿಡಲೇ? ಹೇಳಿದರೆ ಇನ್ನು ಮುಂದೆ ಅಜ್ಜಿ ತನ್ನ ಓದನ್ನು ನಂಬುತ್ತಾಳೆಯೇ? ಸುಬ್ಬಿ ಸುಮ್ಮನೆ ಹೋಗಿ ಕೋಳಿಗಳನ್ನು ಗೂಡಿಗೆ ಅಟ್ಟತೊಡಗಿದಳು.

ಮುಂದಿನ ವಾರ ಕ್ಲಾಸಿನಲ್ಲಿ ದುರ್ಗಪ್ಪ ಮಾಸ್ತರರೇ 'ಹೊಳೆದಂಡೆ' ಹಿಡಿದುಕೊಂಡು ಬಂದರು. "ಸುಬ್ಬೀ, ಎದ್ದು ನಿಲ್ಲು. ಸಂಪಾದಕರು ನಿಮ್ಮವರ ಪರವಾಗಿ ಎಷ್ಟು ಚೆಂದ ಬರೆದಿದ್ದಾರೆ ಕೇಳು" ಎಂದು ಜೋರಾಗಿ ಓದಿದರು.

'ಹಾಲಕ್ಕಿಗಳು ಕಾಡುಮೃಗಗಳಿಗೆ ಹತ್ತಿರ ಎಂಬ ಮಾತು ನಮ್ಮ ಪತ್ರಿಕೆಯಲ್ಲಿ ಬಂದದ್ದಕ್ಕೆ ವಿಷಾದಿಸುತ್ತೇವೆ. ಪಾಪ, ಅವರು ಲೋಕಜ್ಞಾನವಿಲ್ಲದ ಮುಗ್ಧರು. ಉಡುವುದು ತೊಡುವುದು ತಿಳಿಯದ ಮಕ್ಕಳಂಥವರು. ತಿಳಿಯದವರನ್ನು ಬೈಯಬಾರದು, ಕನಿಕರಿಸಬೇಕು.'

"ಎಲ್ಲರೂ ಚಪ್ಪಾಳೆ ಹೊಡೀರಿ" ಎಂದರು ಮಾಸ್ತರರು. ಎಲ್ಲರೂ ಹೊಡೆದರು. ಸುಬ್ಬಿಯೂ ಹೊಡೆದಳು. ಹೊಡೆಯುತ್ತಲೇ ಅವಳ ಕಿವಿ ಬಿಸಿಯಾಯಿತು. ಪರವಾಗಿ ಬರೆದಿದ್ದಾರೆ ಅಂದಮೇಲೆ ಖುಷಿಯಾಗಬೇಕಲ್ಲ? ತನಗೆ ಯಾಕೆ ಆಗುತ್ತಿಲ್ಲ? ಬೈದದ್ದು ತಪ್ಪು ಎನ್ನಲು ಆ ಬೈಗುಳವನ್ನೇ ಇನ್ನೊಂದು ಸಲ ಯಾಕೆ ಬರೆಯಬೇಕಿತ್ತು?

ಮಾಸ್ತರರು ಪೇಪರನ್ನು ಅವಳ ಕೈಗೇ ಕೊಟ್ಟರು. "ಮನೆಯಲ್ಲಿ ಓದಿ ಹೇಳು."

ದಾರಿಯುದ್ದಕ್ಕೂ ಅದನ್ನು ಗದ್ದೆಯ ಕೆಸರಿಗೆ ಎಸೆಯೋಣವೇ ಎಂದು ನೋಡಿದಳು. ಎಸೆಯಲು ಕೈ ಬರಲಿಲ್ಲ. ಮನೆ ತಲುಪುವಷ್ಟರಲ್ಲಿ ಅಳು ತಡೆಯದಾಯಿತು. ಅಜ್ಜಿಯ ಎದುರು ಕುಕ್ಕರಿಸಿ, ಮೂಗು ಸುರಿಸುತ್ತಲೇ ಎರಡೂ ಪೇಪರುಗಳನ್ನು ಓದಿದಳು. ಈ ಸಲ ಇದ್ದದ್ದನ್ನು ಇದ್ದ ಹಾಗೆಯೇ ಓದಿದಳು.

ಅಜ್ಜಿ ಎರಡೂ ಪೇಪರುಗಳನ್ನು ತೆಗೆದುಕೊಂಡು ಮಡಿಚಿಟ್ಟಳು.

"ಸುಳ್ಳು ಎಂತಕ್ಕೆ ಓದ್ದೆ?"

"ನಿಂಗೆ ಬೇಜಾರಾಗ್ತದೆ ಅಂತ."

"ಸಂತೇಲಿ ಎಲ್ರಿಗೂ ನಾನೇ ತೋರ್ಸ್ತಾ ಬಂದ್ನಲ್ಲೇ, ಮಗಾ" ಎಂದಳು ಅಜ್ಜಿ. ಅವಳು ಹೊಡೆದಿದ್ದರೂ ಸುಬ್ಬಿಗೆ ಅಷ್ಟು ನೋಯುತ್ತಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅಜ್ಜಿ ಕೇಳಿದಳು, "ಈ ಎರಡ್ನೇದು ಬರ್ದದ್ದು ಪೇಪರ್ ಮಾಡೂ ಭಟ್ರಾ? ನಾನು ಸೊಪ್ಪು ಕೊಡೂ ಮನೇರಾ? ಅದು ಒಳ್ಳೇದು ಬರ್ದದ್ದಾ, ಕೆಟ್ಟದ್ದಾ?"

"ಮಾಸ್ತರು ಒಳ್ಳೇದು ಅಂದ್ರು. ನಂಗೆ ಗೊತ್ತಾಗೂದಿಲ್ಲ ಅಜ್ಜಿ."

"ನಂಗೂ ಇಲ್ಲ. ನಾಳೆ ಶಾಲೆಗೆ ರಜೆ ಅಲ್ಲ? ನೀನೂ ಬಾ."

ಶ್ರೀಕೃಷ್ಣ ಭಟ್ಟರ ಅಚ್ಚುಮನೆ ಕುಮಟೆಯ ಪೇಟೆಯಲ್ಲೇ ಇತ್ತು. ಎದುರಿನ ಕೋಣೆಯಲ್ಲಿ ಅಚ್ಚಿನ ಯಂತ್ರ, ಹಿಂದೆ ಮನೆ. ಇಷ್ಟು ವರ್ಷವೂ ಅಜ್ಜಿ ಹಿಂದಿನ ಬಾಗಿಲಿಗೆ ಹೋಗಿ ಭಟ್ಟರ ಹೆಂಡತಿ ಪರಮೇಶ್ವರಿಯವರಿಗೆ ಹರಿವೆ ಸೊಪ್ಪು ಕೊಟ್ಟು ಬರುತ್ತಿದ್ದಳು. ಇವತ್ತು ಎದುರಿನ ಬಾಗಿಲಲ್ಲಿ ಬುಟ್ಟಿ ಇಳಿಸಿದಳು.

"ಓ, ಕಾಳಿ!" ಭಟ್ಟರು ಕನ್ನಡಕ ಎತ್ತಿ ನೋಡಿದರು. "ಕೇಳಿದ್ಯಾ? ನಿಮ್ಮ ಪರವಾಗಿ ಬರೆದಿದ್ದೇನೆ. ಆ ಮನುಷ್ಯ ಇನ್ನು ಬಾಯಿ ಬಿಡಬಾರದು, ಹಾಗೆ ಬರೆದಿದ್ದೇನೆ."

"ನಂಗೆ ಓದೂಕೆ ಬರೂದಿಲ್ಲ ಒಡೆಯಾ. ನಮ್ಮ ಮಗು ಓದ್ತದೆ. ನೀವೂ ಒಂದು ಸಲ ಕೇಳಿ."

ಭಟ್ಟರು ಖುಷಿಯಿಂದ ಕುರ್ಚಿಗೆ ಒರಗಿ ಕುಳಿತರು. ಸುಬ್ಬಿ ಪೇಪರ್ ಬಿಚ್ಚಿದಳು. ಅದನ್ನು ಮುಖಕ್ಕೆ ಹತ್ತಿರ ಹಿಡಿದಳು.

"ಹಾಲಕ್ಕಿಗಳು ಕಾಡುಮೃಗಗಳಿಗೆ ಹತ್ತಿರ ಎಂಬ ಮಾತು..."

"ಅದು ಅವರು ಹೇಳಿದ್ದು, ನಾನಲ್ಲ" ಎಂದರು ಭಟ್ಟರು ಗಡಿಬಿಡಿಯಿಂದ.

"ನಿಮ್ಮ ಪೇಪರಲ್ಲಿ ಎರಡು ಸಲ ಬಂತಲ್ಲ ಒಡೆಯಾ. ಓದು ಮಗಾ."

"ಪಾಪ, ಅವರು ಲೋಕಜ್ಞಾನವಿಲ್ಲದ ಮುಗ್ಧರು."

"ಇದು ನಾನಾ?" ಎಂದು ಕೇಳಿದಳು ಅಜ್ಜಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜಕ್ಕೂ ತಿಳಿದುಕೊಳ್ಳಲೆಂದೇ ಕೇಳಿದಂತಿತ್ತು.

"ನಿನ್ನನ್ನಲ್ಲ ಕಾಳಿ. ಒಟ್ಟಾರೆ... ಎಲ್ಲರಿಗೂ ಸೇರಿಸಿ..."

"ಉಡುವುದು ತೊಡುವುದು ತಿಳಿಯದ ಮಕ್ಕಳಂಥವರು" ಎಂದು ಓದಿದಳು ಸುಬ್ಬಿ.

ಯಂತ್ರದ ಪಕ್ಕದಲ್ಲಿ ಅಚ್ಚಿನ ಅಕ್ಷರದ ಮೊಳೆ ಜೋಡಿಸುತ್ತಿದ್ದ ಕೆಲಸದವನ ಕೈ ನಿಂತಿತು. ಅರವತ್ತು ವರ್ಷದ ಅಜ್ಜಿ ಮಣಿಸರ ಸರಿಮಾಡಿಕೊಂಡು ನೆಟ್ಟಗೆ ನಿಂತಿದ್ದಳು. ಭಟ್ಟರಿಗೆ ಅವಳನ್ನು ನೋಡಲಾಗಲಿಲ್ಲ. ಅವರು ಹೆಗಲ ಮೇಲಿನ ಪಂಚೆಯಿಂದ ಹಣೆ ಒರೆಸಿಕೊಂಡರು.

"ಸಾಕು, ಸಾಕು ತಂಗಿ."

ಒಳಬಾಗಿಲಲ್ಲಿ ಪರಮೇಶ್ವರಿಯವರು ಯಾವಾಗ ಬಂದು ನಿಂತಿದ್ದರೋ. "ಓದ್ಲಿ ಬಿಡಿ. ಕೂಸು ಪೂರ್ತಿ ಓದ್ಲಿ" ಎಂದರು.

ಸುಬ್ಬಿ ಪೂರ್ತಿ ಓದಿದಳು. ಒಂದು ಅಕ್ಷರವನ್ನೂ ಬದಲಿಸಲಿಲ್ಲ. ಕೊನೆಯ ಸಾಲಿಗೆ ಬರುವಾಗ ಪೇಪರ್ ತನ್ನ ಮುಖದಿಂದ ಕೆಳಗಿಳಿದಿದೆ ಎಂದು ಗೊತ್ತಾಗಿ ಅವಳಿಗೇ ಆಶ್ಚರ್ಯವಾಯಿತು. ಜಗಲಿಯಲ್ಲಿ ಓದುವಾಗ ಅವಳಿಗೆ ಬೆವರು ಇಳಿದಿತ್ತು. ಇಲ್ಲಿ ಬೆವರುತ್ತಿದ್ದವರು ಭಟ್ಟರು.

ಅಜ್ಜಿ ಎರಡು ಕಟ್ಟು ಹರಿವೆ ತೆಗೆದು ಪರಮೇಶ್ವರಿಯವರ ಕೈಗೆ ಕೊಟ್ಟಳು. "ಆತು, ಬತ್ತೆ ಅಮ್ಮಾ" ಎಂದು ಬುಟ್ಟಿಯನ್ನು ತಲೆಗೇರಿಸಿದಳು.

"ಕಾಳಿ... ಕಾಳಮ್ಮ" ಎಂದು ಭಟ್ಟರು ಕುರ್ಚಿಯಿಂದ ಎದ್ದರು. ಬಾಗಿಲ ತನಕ ಬಂದು ನಿಂತರು.

ಪೇಟೆ ದಾಟುವಾಗ ಸುಬ್ಬಿ ಕೇಳಿದಳು, "ಅಜ್ಜಿ, ಭಟ್ರು ಒಳ್ಳೆಯವ್ರಾ, ಕೆಟ್ಟವ್ರಾ?"

"ನಂಗೂ ಗೊತ್ತಿಲ್ಲ ಮಗಾ. ಬರೂ ವಾರ ಎಂತ ಬರೀತ್ರು, ನೋಡ್ವ."

ಸುಬ್ಬಿಗೆ ತನ್ನ ಓದಿನ ಬಗ್ಗೆ ಇನ್ನೊಂದು ಪ್ರಶ್ನೆ ಇತ್ತು. ಅದನ್ನು ಕೇಳಲು ಧೈರ್ಯವಿರಲಿಲ್ಲ.

ಮಾದೇವನ ಚಾ ಅಂಗಡಿಯ ಎದುರಿಗೆ ಬೇರೊಂದು ಪೇಪರ್ ತೂಗುಹಾಕಿದ್ದರು. ಅಜ್ಜಿ ಬುಟ್ಟಿಗೆ ಕೈ ಕೊಟ್ಟು ನಿಂತಳು.

"ಅದ್ರಲ್ಲಿ ಎಂತ ಬರ್ದಾರೆ, ಓದು."

ಸುಬ್ಬಿ ಅಜ್ಜಿಯ ಮುಖ ನೋಡಿದಳು. ಆಮೇಲೆ ಅಂಗಡಿಯ ಹತ್ತಿರ ಹೋಗಿ, ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಓದಿದಳು. "ಹೊನ್ನಾವರದಲ್ಲಿ ಹೊಳೆ ದಾಟುವ ಲಾಂಚು ಕೆಟ್ಟು ನಿಂತಿದೆ. ಎರಡು ದಿನ ಬಿಡುವುದಿಲ್ಲ."

"ಖರೇ?"

"ಖರೇ, ಅಜ್ಜಿ."

"ಹಂಗಾರೆ ನಾಳೆ ಹೊಳೆ ಆಚೆ ಹೋಗೂದು ಬ್ಯಾಡ" ಎಂದು ಅಜ್ಜಿ ಮುಂದೆ ನಡೆದಳು. ಸುಬ್ಬಿ ಓಡಿ ಹೋಗಿ ಅವಳ ಕೈ ಹಿಡಿದುಕೊಂಡಳು.