ಅರ್ಧಮಿಲಿ ಮತ್ತು ನಾಲ್ಕನೇ ವ್ಯಾಗನ್

ಅವನು ನನ್ನೊಡನೆ ಆಡಿದ ಮೊದಲ ಮಾತು, "ಮೇಡಂ, ಸ್ವಲ್ಪ ಪಕ್ಕಕ್ಕೆ ಸರೀರಿ. ವ್ಯಾಗನ್ನಿಗೆ ಅಡ್ಡ ಬರ್ತಿದೀರಿ."

ಪ್ರೇಮಕಥೆಗಳಲ್ಲಿ ಗಂಡಸರು ಹೇಗೆಲ್ಲ ಮಾತು ಶುರುಮಾಡುತ್ತಾರೆಂದು ನನಗೂ ಗೊತ್ತು. ನನ್ನ ಪಾಲಿಗೆ ಬಂದದ್ದು ಇದು.

ನಾನು ಗೂಡ್ಸ್ ಯಾರ್ಡಿನಲ್ಲಿ ವ್ಯಾಗನ್ ಪರೀಕ್ಷಕಿ. ಒಂದು ಕೈಯಲ್ಲಿ ಸುತ್ತಿಗೆ, ಇನ್ನೊಂದರಲ್ಲಿ ಸೀಮೆಸುಣ್ಣ. ಗಾಲಿಗೆ ತಟ್ಟಿ, ಸದ್ದು ಕೇಳಿ, ಗಾಡಿ ಹೊರಡಬಹುದೋ ಇಲ್ಲವೋ ಎಂದು ಅದರ ಪಕ್ಕೆಯ ಮೇಲೆ ಬರೆಯುವುದು ಹನ್ನೆರಡು ವರ್ಷದಿಂದ ನನ್ನ ಕೆಲಸ. ಆ ಭಾನುವಾರ ತಲೆಯೆತ್ತಿ ನೋಡಿದರೆ, ಹಳಿಗಳ ಮೇಲಿನ ಕಾಲುಸೇತುವೆಯಲ್ಲಿ ಕ್ಯಾಮೆರಾ ಹಿಡಿದ ಒಬ್ಬ ಮನುಷ್ಯ ನೊಣ ಓಡಿಸುವವನಂತೆ ನನ್ನತ್ತ ಕೈಯಾಡಿಸುತ್ತಿದ್ದ. ನಾನು ಸರಿಯಲಿಲ್ಲ. ಬೇಕೆಂದೇ ಆ ಗಾಡಿಯ ಒಂದೊಂದು ಗಾಲಿಯನ್ನೂ ಎರಡೆರಡು ಸಲ ತಟ್ಟಿದೆ.

ಅದೇ ದನಿ ಮತ್ತೆ ಕೇಳಿದ್ದು ಭಾವನ ಕ್ಲಬ್ಬಿನಲ್ಲಿ.

ಅಕ್ಕನ ಗಂಡ ಹಗಲು ವಿಮೆ ಕಚೇರಿಯ ಗುಮಾಸ್ತರು, ಸಂಜೆ ಪುಟ್ಟ ರೈಲುಗಳ ಒಡೆಯರು. ಮುಚ್ಚಿಹೋದ ಪ್ರಿಂಟಿಂಗ್ ಪ್ರೆಸ್ಸಿನ ಮಹಡಿಯ ಮೇಲೆ ಉದ್ದನೆಯ ಕೋಣೆ, ಅದರಲ್ಲಿ ಹನ್ನೊಂದು ಜನ ಗಂಡಸರು, ನಡುವೆ ಮೇಜು, ಮೇಜಿನ ಮೇಲೆ ಎಂಬತ್ತೇಳು ಪಟ್ಟು ಕುಗ್ಗಿಸಿದ ಪ್ರಪಂಚ. ಭಾವ ನನ್ನನ್ನು ಅಲ್ಲಿಗೆ ಕರೆದೊಯ್ದದ್ದು ಶುದ್ಧ ಸೇಡಿಗಾಗಿ.

"ಅಲ್ಲೊಬ್ಬ ಇದಾನೆ ಕಣಮ್ಮ," ಎಂದು ಮೆಟ್ಟಿಲ ಮೇಲೇ ಶುರುಮಾಡಿದರು. "ಎಲ್ಲರೂ ಅರ್ಧಮಿಲಿ ಅಂತಾರೆ. ಅರ್ಧ ಮಿಲಿಮೀಟರ್ ಆಚೀಚೆ ಆದ್ರೆ ಸಾಕು, ಮುಖ ಹಿಂಡ್ತಾನೆ. ನೀನು ನಿಜವಾದ ರೈಲಿನವಳು. ಅವನ ಗಾಡಿಯಲ್ಲಿ ಒಂದೇ ಒಂದು ತಪ್ಪು ಹುಡುಕಿ ಕೊಡು. ಮುಂದಿನ ತಿಂಗಳು ಸ್ಪರ್ಧೆ ಇದೆ."

ಒಳಗೆ ಹೋಗಿ ಭಾವ ತಮ್ಮ ಹೊಸ ವ್ಯಾಗನ್ ಮೇಜಿನ ಮೇಲಿಟ್ಟರು. ಅರ್ಧಮಿಲಿ ಅದನ್ನು ಸತ್ತ ಇಲಿಯಂತೆ ಎರಡು ಬೆರಳಲ್ಲಿ ಎತ್ತಿ, ಮಗುಚಿ, ಹೊಟ್ಟೆ ನೋಡಿದ.

"ಇದಕ್ಕೆ ಬ್ರೇಕ್ ಎಲ್ಲಿ ಸರ್?"

"ಒಳಗಿದೆ ಅಂದ್ಕೊಳ್ಳಿ."

"ಅಂದ್ಕೊಂಡೆ. ಏಣಿ?"

"ಅಂಟಿಸಿದೀನಲ್ಲ, ಅದೇ."

"ಇದು ಏಣಿ ಅಲ್ಲ, ಬಾಚಣಿಗೆ. ಸೋಪಿನ ಡಬ್ಬಿಗೆ ಗಾಲಿ ಹಾಕಿ ತಂದಿದೀರಿ. ಗಾಲಿ ಚೆನ್ನಾಗಿದೆ. ಅದು ಅಂಗಡೀದಿರಬೇಕು."

ಸೇತುವೆಯ ದನಿ ಅದೇ. ಕಿತ್ತಳೆ ಜಾಕೆಟ್ಟು, ಹೆಲ್ಮೆಟ್ಟು ಇಲ್ಲದ ನನ್ನ ಗುರುತು ಅವನಿಗೆ ಸಿಗಲಿಲ್ಲ.

ನಾನು ಅವನ ರೈಲಿನ ಕಡೆ ತಿರುಗಿದೆ. ಹನ್ನೆರಡು ಕಲ್ಲಿದ್ದಲು ವ್ಯಾಗನ್ನುಗಳು. ವೃತ್ತಿಯಿಂದ ಅವನು ಕಟ್ಟುಹಲ್ಲು ಮಾಡುವವನು. ಅಂಗಡಿಯ ವ್ಯಾಗನ್ನಿನ ಪ್ಲಾಸ್ಟಿಕ್ ಏಣಿ, ಹಿಡಿಕೆಗಳನ್ನೆಲ್ಲ ಹೆರೆದು, ಸೊಟ್ಟ ಹಲ್ಲು ಕಟ್ಟುವ ತಂತಿಯಿಂದ ಹೊಸದು ಕೂರಿಸಿದ್ದ. ಬ್ರೇಕಿನ ಪೈಪು, ಕೊಂಡಿ, ಬಾಗಿದ ತಗಡು, ತುಕ್ಕಿನ ಸೋರಿಕೆ, ಎಲ್ಲವೂ ಇದ್ದವು. ಉಗುರಿನಿಂದ ಹೋಗಲಿ ಎಂದು ನಾನು ದಿನಾ ತಿಕ್ಕುವ ಧೂಳನ್ನು ಈ ಮಹಾಶಯ ಬ್ರಷ್ಷು ತಗೊಂಡು ಹಚ್ಚಿದ್ದ. ಇಷ್ಟು ವಯಸ್ಸಾದ ಗಂಡಸಿಗೆ ಬೇರೆ ಕೆಲಸವಿಲ್ಲವೇ ಎಂದುಕೊಂಡು ಒಂದು, ಎರಡು, ಮೂರು ದಾಟಿದೆ.

ನಾಲ್ಕನೆಯದರಲ್ಲಿ ನಿಂತೆ.

ಅದರ ಪಕ್ಕೆಯ ಮೇಲೆ, ಸಾಸಿವೆಯಷ್ಟು ಜಾಗದಲ್ಲಿ, ಬಿಳಿಯ ವೃತ್ತ. ವೃತ್ತದೊಳಗೆ ಅಡ್ಡಗೀಟು. ಕೆಳಗೆ ಎರಡು ವರ್ಷದ ಹಿಂದಿನ ತಾರೀಖು, ತಾರೀಖಿನ ಕೆಳಗೆ ಬಾಲವಿರುವ ಒಂದು ಕೊಕ್ಕೆ. ಆ ಕೊಕ್ಕೆ ನನ್ನ ಸಹಿ.

ಹನ್ನೆರಡು ವರ್ಷದಿಂದ ಬರೆಯುತ್ತಿದ್ದೇನೆ. ಒಂದು ಮಳೆ ಬಿದ್ದರೆ ತೊಳೆದುಹೋಗುತ್ತದೆ. ಶಂಟಿಂಗ್‌ನವರು ಒಮ್ಮೆ ನೋಡುತ್ತಾರೆ, ಗಾಡಿ ಪಕ್ಕಕ್ಕೆ ತಳ್ಳುತ್ತಾರೆ. ಅದನ್ನು ಯಾರೋ ಉಸಿರು ಬಿಗಿಹಿಡಿದು, ಬಾಲದ ತುದಿಯ ನಡುಕವನ್ನೂ ಬಿಡದೆ ಬರೆದಿಟ್ಟಿದ್ದಾರೆ. ಆ ಕೊಕ್ಕೆಯನ್ನು ಒಂದು ಸಲ ಸಾಲದೆಂದು ಮೂರು ಸಲ ಬಗ್ಗಿ ನೋಡಿದೆ. ಆ ಬಗ್ಗೆ ನನಗೆ ನನ್ನ ಮೇಲೇ ತಾತ್ಸಾರ ಬಂತು.

"ಈ ನಾಲ್ಕನೇದು ತೆಗೀರಿ," ಎಂದೆ.

"ಯಾಕೆ?"

"ಆ ಗುರುತು ಹಾಕಿದ ಗಾಡಿ ರೈಲಲ್ಲಿ ಹೋಗಲ್ಲ. ಗಾಲಿ ಸರಿಯಿಲ್ಲ, ಕದಲಿಸಬೇಡಿ ಅಂತ ಅರ್ಥ."

"ಫೋಟೋದಲ್ಲಿ ಹೀಗೇ ಇದೆ. ಒಂದು ಗೀಟು ಆಚೀಚೆ ಇಲ್ಲ."

"ಫೋಟೋದಲ್ಲಿ ಗಾಡಿ ನಿಂತಿತ್ತಾ, ಓಡ್ತಿತ್ತಾ?"

"ನಿಂತಿತ್ತು."

"ಯಾಕೆ ನಿಂತಿತ್ತು ಅಂತ ಒಂದು ಸಲಾನೂ ಯೋಚ್ನೆ ಮಾಡ್ಲಿಲ್ವಾ? ಕದಲಬಾರದ ಗಾಡೀನ ನೀವು ಎರಡು ವರ್ಷದಿಂದ ಗಿರಗಿರ ಓಡಿಸ್ತಿದೀರಿ. ಇದಕ್ಕಿಂತ ಸೋಪಿನ ಡಬ್ಬಿ ವಾಸಿ. ಅದು ಹಳಿ ತಪ್ಪಲ್ಲ."

ಹನ್ನೊಂದು ಜನರಲ್ಲಿ ಒಂಬತ್ತು ಜನ ಕೆಮ್ಮಿದರು. ಭಾವ ಮಾತ್ರ ಹಬ್ಬದ ಮುಖ ಮಾಡಿಕೊಂಡು ನಿಂತಿದ್ದರು.

ಅರ್ಧಮಿಲಿ ಕೋಪಿಸಿಕೊಳ್ಳಲಿಲ್ಲ. ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆದು, ಒರೆಸಿ, "ನೀವು ಬರೋ ಭಾನುವಾರ ಬಿಡುವಾಗಿದೀರಾ?" ಎಂದ.

ಅವನ ಕೆಲಸದ ಕೋಣೆಯಲ್ಲಿ ಕಟ್ಟುಹಲ್ಲಿನ ಸೆಟ್ಟುಗಳು ಕಪಾಟಿನ ತುಂಬ ನಗುತ್ತಿದ್ದವು. ಆ ಮನೆಯಲ್ಲಿ ನಗುತ್ತಿದ್ದವು ಅವು ಮಾತ್ರ. ಒಂದು ಸ್ಟೂಲು ನನಗೆ, ಒಂದು ಅವನಿಗೆ, ನಡುವೆ ಮಗುಚಿ ಮಲಗಿದ ವ್ಯಾಗನ್ನು. ನಾನು ಗುರುತುಗಳ ಅರ್ಥ ಹೇಳಿಕೊಡಬೇಕು, ಅವನು ಬರೆದುಕೊಳ್ಳಬೇಕು ಎಂದು ಒಪ್ಪಂದ. ಆದದ್ದೇ ಬೇರೆ. ನಾನು ಅವನ ಬ್ರೇಕಿನ ಸನ್ನೆಕೋಲು ತಲೆಕೆಳಗಾಗಿದೆ ಎಂದು ಬೈದೆ. ಅವನು ನನ್ನ ಕೈಗೆ ಅರ ಕೊಟ್ಟು, "ನೀವು ಉಜ್ಜೋದು ನೋಡಿದ್ರೆ ಪಾತ್ರೆ ತೊಳೆದ ಹಾಗಿದೆ," ಎಂದು ಬೈದ.

"ನಿಮಗೆ ಇಷ್ಟ ಆಗೋದು ಏನಾದ್ರೂ ಇದೆಯಾ ಈ ಭೂಮಿ ಮೇಲೆ?"

"ಇದೆ. ಸಾಮಾನ್ಯವಾಗಿ ಎರಡಿಂಚಿಗಿಂತ ಚಿಕ್ಕದಾಗಿರುತ್ತೆ."

ತಂತಿ ಬಗ್ಗಿಸುವಾಗ ಅವನು ಉಸಿರು ಹಿಡಿಯುತ್ತಿದ್ದ. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ನಾನೂ ಹಿಡಿದಿರುತ್ತಿದ್ದೆ. ಇದು ನನಗೆ ಸುತರಾಂ ಇಷ್ಟವಾಗಲಿಲ್ಲ.

ಎರಡನೇ ಭಾನುವಾರ ಅವನೊಂದು ನೋಟ್‌ಬುಕ್ ತೋರಿಸಿದ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ನನ್ನ ಕೊಕ್ಕೆ. ಸಾವಿರಗಟ್ಟಲೆ.

"ಒಂದೂವರೆ ತಿಂಗಳು ಅಭ್ಯಾಸ ಮಾಡ್ದೆ. ಇವನು ಎಡಗೈಯವನು, ಗೀಟು ಬಲಗಡೆಯಿಂದ ಎಳೀತಾನೆ. ಅವಸರದವನು. ಯಾರ ಮಾತೂ ಕೇಳದವನು. ತಾರೀಖು ಮಾತ್ರ ಯಾವತ್ತೂ ತಪ್ಪಲ್ಲ. ನಿಮ್ಮ ಯಾರ್ಡಿನವನೇ ಇರ್ಬೇಕು. ಗೊತ್ತಾ ನಿಮಗೆ?"

ನಾನು ಎಡಗೈಯಲ್ಲಿ ಚಹಾದ ಲೋಟ ಹಿಡಿದು ಕೂತಿದ್ದೆ.

"ಆರು ಜನ ಪರೀಕ್ಷಕರಿದೀವಿ," ಎಂದೆ. "ನೀವೇ ಹುಡುಕಿ."

ಆಮೇಲೆ ಫೋಟೋಗಳ ಆಲ್ಬಂ ತೆಗೆದ. "ಇಷ್ಟರಲ್ಲೂ ಒಂದು ದರಿದ್ರ. ಪ್ರತಿ ಫೋಟೋದ ಅಂಚಲ್ಲೂ ಯಾರದೋ ಮೊಣಕೈ. ಒಂದು ಸಲ ಕೂಗಿ ಹೇಳ್ದೆ, ಸರೀಲಿಲ್ಲ. ಮೊಂಡು ಜನ."

"ಕತ್ತರಿಸಿ ಬಿಸಾಕಿ."

"ಕತ್ತರಿಸಿದ್ರೆ ಬ್ರೇಕ್ ಸಿಲಿಂಡರ್ ಹೋಗುತ್ತೆ. ಅದೂ ಅಲ್ದೆ, ಅಭ್ಯಾಸ ಆಗ್ಬಿಟ್ಟಿದೆ."

ಮೆಟ್ಟಿಲಿಳಿಯುತ್ತ ನಾನು ಒಂದು ನಿಶ್ಚಯ ಮಾಡಿದೆ. ಬಾಯಿಬಿಟ್ಟು ಹೇಳಿದರೆ ಅವನು ನಂಬುತ್ತಿದ್ದ. ಆದರೆ ಇಲ್ಲಿದ್ದೇನೆ ನೋಡಿ ಎಂದು ನಾನೇ ಕೈಯೆತ್ತಿ ತೋರಿಸಿಕೊಳ್ಳುವಷ್ಟು ಅಗ್ಗವಾಗಲು ಮನಸ್ಸಿರಲಿಲ್ಲ. ಸ್ಪರ್ಧೆಯ ದಿನದೊಳಗೆ ಅವನಿಗೇ ಕಾಣಬೇಕು. ಕಾಣದಿದ್ದರೆ ಈ ಮೆಟ್ಟಿಲು ಮತ್ತೆ ಹತ್ತುವುದಿಲ್ಲ. ಬರೆದದ್ದು ಅಷ್ಟು ಮುದ್ದು, ಬರೆದವಳು ಕಾಣದವಳು ಎಂದರೆ ಅಂಥವನ ಸಹವಾಸವೇ ಬೇಡ. ಹೀಗೆಲ್ಲ ಗಟ್ಟಿಯಾಗಿ ಅಂದುಕೊಂಡು ಮನೆಗೆ ಹೋದೆ. ಅಕ್ಕ ಮುಖ ನೋಡಿ, "ಹಲ್ಲು ಕೀಳಿಸ್ಕೊಂಡು ಬಂದ್ಯಾ?" ಎಂದಳು.

ಮೂರನೇ ಭಾನುವಾರ, ಸ್ಪರ್ಧೆಗೆ ಇನ್ನು ಏಳು ದಿನ.

"ನಾಲ್ಕನೇದು ಏನು ಮಾಡೋದು?" ಎಂದ. "ತೆಗೆದ್ರೆ ರೈಲು ಬೋಳಾಗುತ್ತೆ. ಇಟ್ರೆ ತಪ್ಪು."

"ರಿಪೇರಿ ಆದ್ಮೇಲೆ ನಾವು ಅಡ್ಡಗೀಟಿನ ಮೇಲೆ ಸೊಟ್ಟ ಗೆರೆ ಎಳೆದು 'ಫಿಟ್' ಅಂತ ಬರೀತೀವಿ. ಆಗ ಹೊರಡಬಹುದು. ಹಾಗೆ ಬರೀರಿ."

"ಅವನು 'ಫಿಟ್' ಬರೆದಿರೋ ಫೋಟೋ ನನ್ನ ಹತ್ರ ಇಲ್ಲ. ನೋಡದೆ ಹೇಗೆ ಬರೀಲಿ?" ಅವನ ದನಿ ಇಳಿಯಿತು. "ಐದೂ ಜನರನ್ನ ಯಾರ್ಡಿನ ಗೇಟಲ್ಲಿ ಹಿಡಿದು ಕೈಬರಹ ನೋಡ್ಬಂದೆ. ಯಾರದ್ದೂ ಅಲ್ಲ. ಆ ಮನುಷ್ಯ ಬೇರೆ ಕಡೆ ಹೋಗಿಬಿಟ್ಟಿರಬೇಕು."

"ಆರು ಜನ ಅಂದಿದ್ದೆ."

"ಆರನೆಯವರು ನೀವಲ್ವಾ."

"ಹೌದು. ನಾನು."

"ಅದಕ್ಕೇ ಐದು ನೋಡ್ದೆ. ನಿಮ್ಮದಾಗಿದ್ರೆ ಮೊದಲ ದಿನವೇ ಹೇಳ್ತಿದ್ರಿ. ನಿಮ್ಮ ಬಾಯಿ ಸುಮ್ನಿರುತ್ತಾ?"

ಅರ್ಧ ಮಿಲಿ ಕಾಣುವ ಮನುಷ್ಯನಿಗೆ ಎದುರಿಗೆ ಕೂತ ಐದಡಿ ಎರಡಿಂಚು ಕಾಣಲಿಲ್ಲ. ನಾನು ಲೋಟ ಕೆಳಗಿಟ್ಟೆ. "ನಿಮ್ಮ ಕಪಾಟಲ್ಲಿರೋ ಹಲ್ಲುಗಳಿಗೂ ನಿಮಗಿಂತ ಹೆಚ್ಚು ತಿಳಿಯುತ್ತೆ," ಎಂದು ಹೇಳಿ ಹೊರಟೆ. ಅವನು ಬಾಗಿಲವರೆಗೆ ಬಂದ.

"ಮೂರು ಭಾನುವಾರದಿಂದ ನಾನು ಸೇತುವೆಗೆ ಹೋಗಿಲ್ಲ," ಎಂದ, ದೂರು ಹೇಳುವವನಂತೆ.

"ಬರೋ ವಾರದಿಂದ ಹೋಗಿ."

ಸ್ಪರ್ಧೆಗೆ ಹೋಗಬಾರದೆಂದಿದ್ದೆ. ಭಾವ ಬಿಡಲಿಲ್ಲ. ಕೊನೇ ಗಳಿಗೆಯಲ್ಲಿ ಸ್ಪಂಜಿನ ಮರ ನೆಡಲು ಹೋಗಿ ಬಲಗೈಯ ಮೂರು ಬೆರಳನ್ನು ಒಂದಕ್ಕೊಂದು ಅಂಟಿಸಿಕೊಂಡಿದ್ದರು. ಅದು ಅವರಿಗೆ ವಾರಕ್ಕೊಮ್ಮೆ ಆಗುವಂಥದ್ದೇ.

"ಫಾರಂ ತುಂಬಮ್ಮ. ಪೆನ್ನು ಹಿಡಿಯಕ್ಕಾಗ್ತಿಲ್ಲ."

"ಅಂಟು ಮರಕ್ಕೆ ಹಾಕ್ಬೇಕಿತ್ತು ಭಾವ."

"ಮರಕ್ಕೂ ಹಾಕಿದೀನಿ."

ಅರ್ಧಮಿಲಿಯ ರೈಲು ಪಕ್ಕದ ಮೇಜಿನಲ್ಲಿತ್ತು. ನಾಲ್ಕನೆಯದು ಇನ್ನೂ ಅಡ್ಡಗೀಟು ಹೊತ್ತುಕೊಂಡೇ ನಿಂತಿತ್ತು. ನಾನು ಅತ್ತ ನೋಡದೆ ಬಗ್ಗಿ ಬರೆದೆ. ತಾರೀಖು ಹಾಕಿದೆ. ಭಾವನ ಪರವಾಗಿ ಎಂದು ಬರೆದು, ಯೋಚನೆ ಮಾಡದೆ, ಹನ್ನೆರಡು ವರ್ಷದ ರೂಢಿಯಲ್ಲಿ ಕೆಳಗೆ ಕೊಕ್ಕೆ ಎಳೆದೆ.

ಅಷ್ಟರಲ್ಲಿ ಸ್ಪಂಜಿನ ಕಾಡನ್ನು ಹಂಗಿಸಲು ಬಂದ ಅರ್ಧಮಿಲಿ, "ಈ ಮರಗಳಿಂದ ಪಾತ್ರೆ ತೊಳೀಬ—" ಎಂದವನು ನಿಲ್ಲಿಸಿಬಿಟ್ಟ.

ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿದ. ಫಾರಮ್ಮಿನ ಮೇಲೆ ಬಾಗಿದ. ಕೊಕ್ಕೆಯಿಂದ ಪೆನ್ನಿಗೆ, ಪೆನ್ನಿನಿಂದ ನನ್ನ ಎಡಗೈಗೆ, ಕೈಯಿಂದ ತೋಳಿಗೆ, ಆ ಗಾಜು ನಿಧಾನವಾಗಿ ಹತ್ತಿತು. ಮೊಣಕೈಯ ಬಳಿ ತುಂಬ ಹೊತ್ತು ನಿಂತಿತು. ಕೊನೆಗೆ ನನ್ನ ಮುಖಕ್ಕೆ ಬಂತು. ಗಾಜಿನ ಹಿಂದೆ ಅವನ ಕಣ್ಣು ತಟ್ಟೆಯಷ್ಟು ದೊಡ್ಡದಾಗಿ ಕಾಣುತ್ತಿತ್ತು. ಅದು ಒದ್ದೆಯಾಗಿತ್ತು.

"ಅದನ್ನ ತೆಗೀರಿ," ಎಂದೆ. "ನಾನು ವ್ಯಾಗನ್ ಅಲ್ಲ."

"ತೆಗೆದು ನೋಡಿದ್ದಕ್ಕೇ ಮೂರು ವಾರ ಕಾಣ್ಲಿಲ್ಲ."

"ಮೂರು ವಾರ ಅಲ್ಲ. ಎರಡು ವರ್ಷ. ಆ ಮೊಂಡು ಮೊಣಕೈ ನಂದೇ."

ಅವನು ಪಕ್ಕದ ಮೇಜಿಗೆ ಹೋದ. ನಾಲ್ಕನೇ ವ್ಯಾಗನ್ನನ್ನು ರೈಲಿನಿಂದ ಬಿಡಿಸಿ, ಅಂಗೈಯ ಮೇಲಿಟ್ಟುಕೊಂಡು ಬಂದು, ಬಿಳಿ ಬಣ್ಣದಲ್ಲಿ ಅದ್ದಿದ ಒಂದೆಳೆಯ ಬ್ರಷ್ಷನ್ನು ನನ್ನತ್ತ ಚಾಚಿದ.

"ಫಿಟ್ ಮಾಡಿ."

"ಪರೀಕ್ಷೆ ಮಾಡದೆ ನಾನು ಬರೆಯಲ್ಲ."

ಮಾಡಿದೆ. ಜಡ್ಜ್ ಎರಡು ಮೇಜು ಆಚೆ ಇದ್ದಾಗಲೇ, ಬ್ರಷ್ಷಿನ ಹಿಂದಿನ ತುದಿಯಿಂದ ಆ ಪುಟ್ಟ ಗಾಲಿಗಳನ್ನು ಒಂದೊಂದಾಗಿ ತಟ್ಟಿ, ಕಿವಿಯಿಟ್ಟು ಕೇಳಿದೆ. ಬ್ರೇಕಿನ ಸನ್ನೆಕೋಲು ನೋಡಿದೆ. ನಾನು ಬೈದ ಮೇಲೆ ಸರಿಮಾಡಿದ್ದ. ಆಮೇಲೆ ಅಡ್ಡಗೀಟಿನ ಮೇಲೆ ಸೊಟ್ಟ ಗೆರೆ ಎಳೆದು, ಫಿಟ್ ಎಂದು ಬರೆದೆ. ಸೀಮೆಸುಣ್ಣ ಎಳೆಯುವ ಕೈ. ಅಕ್ಷರಗಳು ಗಾಡಿಯ ಅರ್ಧ ಪಕ್ಕೆ ನುಂಗಿಹಾಕಿದವು. ಕೊಕ್ಕೆಯ ಬಾಲ ಏಣಿಯವರೆಗೂ ಹೋಯಿತು.

ಅವನು ಮುಖ ಹಿಂಡುತ್ತಾನೆಂದು ಕಾದೆ. ಹಿಂಡಲಿಲ್ಲ. ಗಾಡಿಯನ್ನು ಹಾಗೇ ತೆಗೆದುಕೊಂಡು ಹೋಗಿ ನಾಲ್ಕನೇ ಜಾಗದಲ್ಲಿ ಕೊಂಡಿ ಹಾಕಿದ.

ಜಡ್ಜ್, ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಬಂದು ಬಗ್ಗಿ ನೋಡಿದರು. "ಉಳಿದದ್ದೆಲ್ಲ ಅದ್ಭುತ. ಈ ಬರಹ ಅಳತೆಗಿಲ್ಲವಲ್ಲಪ್ಪ. ನಿನ್ನಂಥವನು ಇದನ್ನ ಹೇಗೆ ಬಿಟ್ಟೆ? ಅಂಕ ಕಡಿಮೆಯಾಗುತ್ತೆ."

"ಬರಹ ಪೂರ್ತಿ ಅಳತೇದು ಸರ್," ಎಂದ ಅರ್ಧಮಿಲಿ. "ಗಾಡಿನೇ ಚಿಕ್ಕದಾಯ್ತು."

ಅವನಿಗೆ ಮೂರನೇ ಸ್ಥಾನ ಬಂತು. ಪ್ರೇಕ್ಷಕರ ಮೆಚ್ಚುಗೆಯ ಟ್ರೋಫಿ ಸೋಪಿನ ಡಬ್ಬಿಗೂ ಸ್ಪಂಜಿನ ಕಾಡಿಗೂ ಹೋಯಿತು. ಭಾವ ಅದನ್ನು ಅಂಟಿದ ಬೆರಳುಗಳಲ್ಲೇ ಎತ್ತಿ ಹಿಡಿದರು. ಇನ್ನು ಹತ್ತು ವರ್ಷ ನಾವು ಅದರ ಕಥೆ ಕೇಳಬೇಕು.

ನಂತರದ ಭಾನುವಾರ ನನಗೆ ಡ್ಯೂಟಿ. ಏಳನೇ ಹಳಿಯಲ್ಲಿ ಕಲ್ಲಿದ್ದಲಿನ ಸಾಲು ನಿಂತಿತ್ತು. ಅರ್ಧ ಸಾಲು ಮುಗಿಸಿ, ಒಂದು ಗಾಡಿಯ ಆಚೆ ಬದಿಗೆ ದಾಟಿ ಗಾಲಿ ತಟ್ಟುತ್ತಿದ್ದಾಗ ಸೇತುವೆಯಿಂದ ಅದೇ ದನಿ ಕೇಳಿತು.

"ಮೇಡಂ, ಸ್ವಲ್ಪ ಪಕ್ಕಕ್ಕೆ ಬನ್ನಿ."

ತಲೆಯೆತ್ತಿದೆ. ಕಟಕಟೆಗೆ ಎದೆಯೊರಗಿಸಿ, ಕ್ಯಾಮೆರಾ ಹಿಡಿದು, ಅವನು ಕೈಯಾಡಿಸುತ್ತಿದ್ದ.

"ಯಾಕೆ?" ಎಂದು ಕೂಗಿದೆ.

"ವ್ಯಾಗನ್ ಅಡ್ಡ ಬರ್ತಿದೆ."