ಸವೆಯದ ಕೀಲು

"ಡಾಕ್ಟ್ರೇ, ಸ್ಟೀರಿಂಗ್ ಸ್ವಲ್ಪ ಬಲಕ್ಕೆ ತಿರುಗಿಸಿ," ಎಂಬ ದನಿ ಕಾರಿನ ಮುಂಭಾಗದಿಂದ ಬಂತು.

ಅವಳು ಡಾಕ್ಟರಲ್ಲ, ಫಿಸಿಯೋಥೆರಪಿಸ್ಟ್. ಮೇಲಿನ ಮನೆಯ ಡ್ರಾಯಿಂಗ್ ಮೇಷ್ಟ್ರು ಮಾತ್ರ ಹಾಗೇ ಕರೆಯುತ್ತಿದ್ದ. ತಿದ್ದುವುದನ್ನು ಅವಳೂ ಎಂದೋ ಬಿಟ್ಟಿದ್ದಳು.

ಅಂಗಳದಲ್ಲಿ ಅವಳ ಕಾರು ಸ್ಟ್ಯಾಂಡುಗಳ ಮೇಲೆ ಮೂತಿ ಎತ್ತಿ ನಿಂತಿತ್ತು. ಮುಂದಿನ ಚಕ್ರಗಳೆರಡೂ ಗೋಡೆಗೊರಗಿದ್ದವು. ಸ್ಟೀರಿಂಗ್ ತಿರುಗಿಸಿದ್ದನ್ನು ಚಕ್ರಕ್ಕೆ ಮುಟ್ಟಿಸುವ ಸರಳಿನ ತುದಿಯಲ್ಲೊಂದು ಗುಂಡು ಕೀಲಿರುತ್ತದೆ, ಟೈ ರಾಡ್ ಎಂಡ್. ಎರಡೂ ಕಡೆಯದು ಸವೆದಿದೆ, ಬದಲಿಸುವ ತನಕ ಊರು ದಾಟಬೇಡಿ, ಗ್ಯಾರೇಜಿಗೇಕೆ, ನಾವೇ ಹಾಕೋಣ ಎಂದು ಅವನು ಹೇಳಿ ಎರಡು ತಿಂಗಳಾಗಿತ್ತು. ಪಾರ್ಟ್ಸ್ ಬಂದದ್ದು ಈಗ.

ಅಷ್ಟರಲ್ಲಿ ಅವಳಿಗೆ ಸಿಕ್ಕಿದ್ದ ಹೊಸ ಕೆಲಸ ಕೈತಪ್ಪಿತ್ತು. ದೂರದ ಪಟ್ಟಣದಲ್ಲಿ, ಹಾಸಿಗೆ ಹಿಡಿದವರ ಮನೆಗಳಿಗೇ ಹೋಗಿ ಅವರನ್ನು ಎಬ್ಬಿಸಿ ನಡೆಸುವ ಕೆಲಸ. ಅವಳು ಓದಿದ್ದೇ ಅದಕ್ಕಾಗಿ. ಸ್ವಂತ ಕಾರು ಇರಲೇಬೇಕು ಎಂದಿದ್ದರು. ಕಾದು ಬೇಸತ್ತು ಬೇರೆಯವರನ್ನು ತೆಗೆದುಕೊಂಡರು. ಅಂದು ಅವಳು ಅತ್ತಾಗ ಅವನು ಮಾತಾಡದೆ ಮೆಟ್ಟಿಲ ಮೇಲೆ ಪಕ್ಕದಲ್ಲಿ ಕೂತಿದ್ದ. ಆ ಮೌನಕ್ಕೇ ಅವಳು ಸೋತಿದ್ದಳು.

ಇಂದೂ ಅವಳ ಅಳತೆಯ ಗ್ಲೌಸ್ ಹುಡುಕಿ ತಂದಿದ್ದ. ನೆಲ ಒತ್ತದಿರಲೆಂದು ತನ್ನ ಹಳೆಯ ಕಂಬಳಿ ಹಾಸಿದ್ದ. ನಟ್ ಬಿಚ್ಚುವಾಗ ಕೈಗೆ ಕೈ ತಾಕಿ, ಇಬ್ಬರೂ ಬೇರೆ ಬೇರೆ ಕಡೆ ನೋಡಿದ್ದರು. ಬಾಗಿಲಲ್ಲಿದ್ದ ಅವಳ ಚಿಕ್ಕಮ್ಮ ಬಿಡುವವರೇ? ಈ ರಿಪೇರಿ ಮುಗಿಯುವಷ್ಟರಲ್ಲಿ ನನ್ನ ಮೊಮ್ಮಕ್ಕಳು ಶಾಲೆಗೆ ಹೋಗುತ್ತಾರೇನೋ ಎಂದು ಗೊಣಗಿ, ಕಾಫಿ ತೆಗೆದುಕೊಂಡು ಹೋಗಲು ಅವನನ್ನು ಒಳಗೆ ಕರೆದರು.

ಒಬ್ಬಳೇ ಉಳಿದವಳು ಸುಮ್ಮನೆ ಹಳೆಯ ತುಂಡೊಂದನ್ನು ಕೈಗೆತ್ತಿಕೊಂಡಳು. ಸವೆದ ಕೀಲು ಬೆರಳು ತಾಕಿದರೆ ಸಾಕು, ಜೋತಾಡುತ್ತದೆ ಎಂದು ಕಲಿಸಿದವನು ಅವನೇ. ಇದು ಅಲುಗಲಿಲ್ಲ. ಎರಡೂ ಹೆಬ್ಬೆರಳಿಂದ ಒತ್ತಿದ ಮೇಲೆ ಬಿಗಿಯಾಗಿ, ನಿಧಾನಕ್ಕೆ ಸರಿಯಿತು. ಇನ್ನೊಂದೂ ಅಷ್ಟೇ. ಮೊಣಕಾಲು, ಭುಜಗಳ ಕೀಲು ಹಿಡಿದು ಬದುಕುವ ಬೆರಳುಗಳು ಇಷ್ಟು ದಿನ ಅವನ ಮಾತನ್ನಷ್ಟೇ ನಂಬಿದ್ದವು.

ಲೋಟ ಹಿಡಿದು ಬಂದವನು ಅವಳ ಕೈ ನೋಡಿ ನಿಂತುಬಿಟ್ಟ.

"ಎರಡೂ ಗಟ್ಟಿಯಾಗಿವೆ, ಮೇಷ್ಟ್ರೇ."

ಅವನು ಇನ್ನೊಂದು ಸುಳ್ಳು ಹೇಳಲಿಲ್ಲ. "ನೀವು ಹೊರಟೇಬಿಡ್ತೀರಿ ಅಂತ ಹೆದರಿ ಬಾಯಿಗೆ ಬಂದದ್ದು ಹೇಳಿಬಿಟ್ಟೆ. ಆಮೇಲೆ ವಾಪಸ್ ತಗೊಳ್ಳೋಕೆ ಧೈರ್ಯ ಸಾಲ್ಲಿಲ್ಲ. ನೀವಂದ್ರೆ ನಂಗೆ ಪ್ರಾಣ."

"ಹೋಗ್ಬೇಡಿ ಅಂತ ಒಂದು ಮಾತು ಅಂದಿದ್ರೆ, ನೀವೂ ಬನ್ನಿ ಅಂತಿದ್ದೆ. ಆ ಊರಲ್ಲೂ ಮಕ್ಕಳು ಚಿತ್ರ ಬಿಡಿಸ್ತಾರೆ."

ಕಾಫಿ ಆರಿತು. ಎದ್ದು ಹೋಗೋಣವೆಂದರೆ ಕಾರಿಗೆ ಚಕ್ರವೇ ಇಲ್ಲ. ಅವಳು ಮತ್ತೆ ಕಂಬಳಿಯ ಮೇಲೆ ಮಂಡಿಯೂರಿದಳು. ಅವನು ಸರಳು ಹಿಡಿದ, ಅವಳು ನಟ್ ಬಿಗಿದಳು. ಪಾನಾ ಬೇಕೆಂದಾಗ ಬಾಯಿಬಿಟ್ಟು ಕೇಳದೆ ಕೈ ಚಾಚಿದಳು. ಅವನು ಅದನ್ನು ಒರೆಸಿಯೇ ಕೊಟ್ಟ. ಚಿಕ್ಕಮ್ಮ ಏನೋ ಅರಿತವರಂತೆ ಬಾಗಿಲು ಮುಂದೆ ಮಾಡಿಕೊಂಡರು.

ಚಕ್ರ ಹಾಕಿ, ಕಾರು ಇಳಿಸಿ ಅವಳು ಒಳಗೆ ಕೂತಾಗ ಅವನು ಕಿಟಕಿಗೆ ಬಾಗಿದ.

"ಚಕ್ರದ ಅಲೈನ್‌ಮೆಂಟ್ ಮಾಡಿಸೋ ತನಕ ಎಡಕ್ಕೆ ಎಳೆಯುತ್ತೆ. ನಿಧಾನ ಹೋಗಿ."

"ಇದಾದ್ರೂ ನಿಜಾನಾ?"

ಅವನು ಕಿಟಕಿಯಿಂದ ಹಿಂದೆ ಸರಿದ. ನಿಜ ಎಂದು ತಲೆಯಾಡಿಸಿದ, ಅಷ್ಟೇ.

ಬೀದಿಯ ತಿರುವು ದಾಟುತ್ತಲೇ ಕಾರು ಎಡಕ್ಕೆ ಎಳೆಯಿತು. ಅವಳು ಸ್ಟೀರಿಂಗನ್ನು ಎರಡೂ ಕೈಯಿಂದ ಬಿಗಿಹಿಡಿದಳು. ಅವನು ಹೇಳಿದ್ದು ನಿಜವೇ ಆಗಿತ್ತು. ಅಲ್ಲಿಯವರೆಗೆ ತಡೆದಿದ್ದ ಅಳು ಆಗ ಬಂತು.