ಕಾಲಡಿಯ ಏಳು ಪೆಟ್ಟು

ಸೋಮವಾರ ಮಧ್ಯಾಹ್ನ ಖಾಲಿ ರಂಗದ ಮೇಲೆ ಬರಿಗಾಲಲ್ಲಿ ನಿಂತಿದ್ದ ಅವಳ ಅಂಗಾಲಿಗೆ ಏನೋ ತಟ್ಟಿತು.

ಒಂದು... ಎರಡು... ಮೂರು...

ನಾಲ್ಕನೆಯದು ಕೊಂಚ ತಡವಾಗಿ ಬಂತು. ಆಮೇಲೆ ಐದು, ಆರು, ಏಳು.

ಹಾಗೆ ಕುಂಟುವ ನಾಲ್ಕನೆಯ ಪೆಟ್ಟು ಲೋಕದಲ್ಲಿ ಒಬ್ಬರದೇ. ಆ ಒಬ್ಬರು ತೀರಿಕೊಂಡು ಮೂರು ತಿಂಗಳಾಗಿತ್ತು!

ಅದು ಕಿವುಡ ಮಕ್ಕಳ ಶಾಲೆ. ಅವಳು ಅಲ್ಲಿನ ನೃತ್ಯ ಶಿಕ್ಷಕಿ. ಎಂಟನೇ ವಯಸ್ಸಿಗೆ ಜ್ವರ ಬಂದು ಅವಳ ಕಿವಿಯೂ ಹೋಗಿತ್ತು. ಮಕ್ಕಳು ಗಾಳಿಯಲ್ಲಿ ಬೆರಳು ತಿರುಗಿಸಿ ಅವಳನ್ನು 'ಬುಗುರಿ ಟೀಚರ್' ಎಂದು ಕರೆಯುತ್ತಿದ್ದರು. ತೀರಿಕೊಂಡ ನಗಾರಿ ಮೇಷ್ಟ್ರೂ ಕಿವುಡರೇ. ಅವರು ಮೂಲೆಯಲ್ಲಿ ಕೂತು ಬಾರಿಸಿದರೆ ರಂಗದ ಹಲಗೆ ನಡುಗುತ್ತಿತ್ತು. ಆ ನಡುಕವನ್ನು ಕಾಲಲ್ಲಿ ಹಿಡಿದು ಮಕ್ಕಳು ಕುಣಿಯುತ್ತಿದ್ದರು. ಮೇಷ್ಟ್ರು ಹೋದ ಮೇಲೆ ಒಂದು ಮಗುವೂ ಹೆಜ್ಜೆ ಹಾಕಿರಲಿಲ್ಲ. ಪ್ರದರ್ಶನಕ್ಕೆ ಉಳಿದಿದ್ದು ಐದೇ ದಿನ.

ಅವಳು ಓಡಿಹೋಗಿ ಕಿವಿ ಕೇಳುವ ಅಡುಗೆ ಅಕ್ಕನನ್ನು ಕೈಹಿಡಿದು ಎಳೆದು ತಂದಳು.

"ಏನಾದ್ರೂ ಸದ್ದು ಬರ್ತಿದೆಯಾ, ಅಕ್ಕಾ?" ಎಂದು ಸನ್ನೆ ಮಾಡಿದಳು.

ಅಕ್ಕ ಕಿವಿಗೊಟ್ಟು ಕೇಳಿ ತಲೆಯಾಡಿಸಿ, ಸನ್ನೆಯಲ್ಲೇ ಹೇಳಿದಳು. "ಇಲ್ವಲ್ಲಮ್ಮಾ. ಸೂಜಿ ಬಿದ್ರೂ ಕೇಳ್ಸೋ ಅಷ್ಟು ಸುಮ್ಮನಿದೆ. ಯಾಕೆ, ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿದೆ?"

ಆ ಹೊತ್ತಿನಲ್ಲೂ ಕಾಲಡಿ ಏಳು ಪೆಟ್ಟು ನಡೆಯುತ್ತಲೇ ಇತ್ತು...

ಮಂಗಳವಾರ ಅಭ್ಯಾಸಕ್ಕೆ ಬಂದ ಮಕ್ಕಳು ಎಂದಿನಂತೆ ಗೋಡೆಗೊರಗಿ ಕೂತರು. ಎಲ್ಲರಿಗಿಂತ ಚಿಕ್ಕವಳು, 'ಗುಬ್ಬಿ' ಅಂತ ಕರೆಸಿಕೊಳ್ಳುವವಳು, ಇದ್ದಕ್ಕಿದ್ದಂತೆ ಹಲಗೆಗೆ ಕೆನ್ನೆ ಇಟ್ಟು ಮಲಗಿದಳು. ಕಣ್ಣರಳಿಸಿ ಎದ್ದಳು.

"ಮೇಷ್ಟ್ರು ಬಂದ್ರು!"

ಹನ್ನೊಂದು ಮಕ್ಕಳೂ ಎದ್ದು ಕುಣಿದರು! ಬುಗುರಿ ಟೀಚರ್‌ಗೆ ಕಣ್ಣಲ್ಲಿ ನೀರು, ಬೆನ್ನಲ್ಲಿ ತಣ್ಣನೆಯ ಬೆವರು.

ಗುರುವಾರದ ಹೊತ್ತಿಗೆ ಪೆಟ್ಟು ಗಟ್ಟಿಯಾಗಿತ್ತು. ರಂಗದ ಹಿಂಬದಿಯಲ್ಲಿ ತಳಕ್ಕೆ ಇಳಿಯುವ ಒಂದು ಮುಚ್ಚುಬಾಗಿಲಿತ್ತು. ಯಾವಾಗಲೂ ಬೀಗ ಬಿದ್ದಿರುತ್ತಿದ್ದ ಆ ಬಾಗಿಲಿಗೆ ಅಂದು ಬೀಗವಿರಲಿಲ್ಲ. ಅವಳು ಉಸಿರು ಬಿಗಿಹಿಡಿದು ಎತ್ತಿದಳು.

ಕೆಳಗೆ ಮಂದ ಬಲ್ಬು, ಧೂಳು... ಬಟ್ಟೆ ಸುತ್ತಿದ ಎರಡು ಮುಷ್ಟಿಗಳು ತೊಲೆಗೆ ಗುದ್ದುತ್ತಿದ್ದವು!

ಅವಳು ಚೀರಿದಳು. ಮುಷ್ಟಿಗಳು ನಿಂತವು. ಒಬ್ಬ ಯುವಕ ತಲೆ ಎತ್ತಿದ. ಅವನ ಕಣ್ಣು ಒದ್ದೆಯಾಗಿತ್ತು. ಅವಸರವಾಗಿ ಬಟ್ಟೆ ಬಿಚ್ಚಿ ಅವನು ಸನ್ನೆಯಲ್ಲಿ ಮಾತಾಡತೊಡಗಿದ. ಕಿರುಬೆರಳು ಮಡಿಸುವ ಆ ರೀತಿ, ಆ ಮಣಿಕಟ್ಟಿನ ತಿರುವು... ಸತ್ತವರ ಕೈಗಳೇ ಎದ್ದು ಬಂದು ಮಾತಾಡುತ್ತಿದ್ದವು.

"ಹೆದರಬೇಡಿ. ನಾನು ತೊಲೆ ರಿಪೇರಿಗೆ ಬಂದ ಬಡಗಿ. ಮೇಷ್ಟ್ರ ಮಗ."

"ಮಗನಾ? ಅವರು ಸತ್ತಾಗ ನೀವೆಲ್ಲಿದ್ರಿ?"

ಅವನು ಬಿಚ್ಚಿದ ಬಟ್ಟೆಯನ್ನು ನೆಲಕ್ಕೆ ಬಿಟ್ಟ.

"ಏಳು ವರ್ಷ ಮಾತು ಬಿಟ್ಟಿದ್ದೆ. ನನಗೆ ಕಿವಿ ಕೇಳುತ್ತೆ. ಬೀದಿಯಲ್ಲಿ ಅಪ್ಪ ಕೈಯಾಡಿಸಿದ್ರೆ ಗೆಳೆಯರು ನಗ್ತಿದ್ರು. ನಾನು ಕೈ ಜೇಬಲ್ಲಿಟ್ಕೊಂಡು ಯಾರೋ ಅನ್ನೋ ಹಾಗೆ ಮುಂದೆ ನಡೀತಿದ್ದೆ. ಸುದ್ದಿ ತಲುಪೋಷ್ಟರಲ್ಲಿ ಎಲ್ಲ ಮುಗಿದಿತ್ತು. ಈ ತೊಲೆ ಮೇಲೆ ಅಪ್ಪ ಸುಣ್ಣದಲ್ಲಿ ಏಳು ಗೆರೆ ಎಳೆದಿದ್ದಾರೆ, ನೋಡಿ. ಅದನ್ನ ಹಿಡಿದು ಬಾರಿಸ್ತಿದ್ದೆ. ಯಾರಿಗೂ ಕೇಳಿಸಬಾರದು ಅಂತ ಬಟ್ಟೆ ಸುತ್ತಿದ್ದೆ."

ಅಯ್ಯೋ ಅನ್ನಿಸಬೇಕಿತ್ತು. ಆದರೆ ಗುಬ್ಬಿಯ ಮುಖ ನೆನಪಾಗಿ ಅವಳಿಗೆ ಸಿಟ್ಟು ನೆತ್ತಿಗೇರಿತು.

"ನಮಗೆ ಕಿವಿಯಲ್ಲ ರೀ, ಕಾಲು ಕೇಳುತ್ತೆ! ಸೋಮವಾರದಿಂದ ಆಟ ಕಟ್ಟಿದ್ದೀರಿ. ಮಕ್ಕಳು ಮೇಷ್ಟ್ರೇ ವಾಪಸ್ ಬಂದ್ರು ಅಂತ ನಂಬಿದ್ದಾರೆ!"

"ಸೋಮವಾರ? ನಾನು ಬಂದಿದ್ದೇ ನಿನ್ನೆ..."

"ಸುಳ್ಳು! ಹೊರಡಿ ಇಲ್ಲಿಂದ!"

ಅವನು ಉಳಿ, ಗರಗಸ ಚೀಲಕ್ಕೆ ತುಂಬಿಕೊಂಡು ಹೊರಟುಹೋದ.

ಸಂಜೆ ಗೇಟಿನ ತಾತ ಅವಳನ್ನು ತಡೆದರು. ಇಪ್ಪತ್ತು ವರ್ಷ ಮಕ್ಕಳ ಜೊತೆ ಜಗಳವಾಡಿಯೇ ಸನ್ನೆ ಕಲಿತವರು ಅವರು.

"ಆ ಬಡಗಿನ ಯಾಕಮ್ಮಾ ಓಡಿಸ್ದೆ? ನಿನ್ನೆ ಬೆಳಿಗ್ಗೆ ಬಂದವನು ತಳದ ಬೀಗ ಒಡೆಯೋಕೇ ಒಂದು ಗಂಟೆ ಒದ್ದಾಡಿದ."

"ನಿನ್ನೆನಾ? ಅದಕ್ಕೂ ಮೊದಲು ಯಾರೂ ಕೆಳಗೆ ಹೋಗಿರ್ಲಿಲ್ವಾ?"

"ಎಲ್ಲಿಂದ ಹೋಗ್ತಾರೆ? ಬೀಗಕ್ಕೆ ತುಕ್ಕು ಹಿಡಿದು ಕಲ್ಲಾಗಿತ್ತು. ಒಳಗೆ ಇಲೀನೂ ಇರ್ಲಿಲ್ಲ."

ಅವಳು ಕಂಬ ಹಿಡಿದು ನಿಂತಳು. ಹಾಗಾದರೆ ಸೋಮವಾರ... ಮಂಗಳವಾರ... ಬಾರಿಸಿದ್ದು ಯಾರು?

ಶುಕ್ರವಾರ ಹಲಗೆ ತಣ್ಣಗಿತ್ತು. ಮಕ್ಕಳು ಮತ್ತೆ ಗೋಡೆ ಸೇರಿದರು. ಗುಬ್ಬಿ ಕೆನ್ನೆ ಇಟ್ಟು ತುಂಬಾ ಹೊತ್ತು ಕಾದು, ಕೊನೆಗೆ ಎದ್ದು ಕೂತಳು. ಅವಳ ಕೆನ್ನೆಯ ಮೇಲೆ ಹಲಗೆಯ ಗೆರೆ ಮೂಡಿತ್ತು.

ಬುಗುರಿ ಟೀಚರ್ ಚಪ್ಪಲಿ ಮೆಟ್ಟಿ ಸೀದಾ ಬಡಗಿಯ ಶೆಡ್ಡಿಗೆ ನಡೆದಳು. ಅವನು ಮರದ ಹೊಟ್ಟಿನ ನಡುವೆ ಕೆಲಸವಿಲ್ಲದೆ ಕೂತಿದ್ದ.

"ತಪ್ಪಾಯ್ತು. ನೀವು ಸುಳ್ಳು ಹೇಳಿರ್ಲಿಲ್ಲ."

"ಹಾಗಾದ್ರೆ ಸೋಮವಾರದ್ದು...?" ಅವನು ಎದ್ದು ನಿಂತ.

"ಗೊತ್ತಿಲ್ಲ. ನನಗೂ ಭಯ ಆಗ್ತಿದೆ. ಆದ್ರೆ ನಾಳೆ ಮಕ್ಕಳಿಗೆ ಆ ಪೆಟ್ಟು ಬೇಕು. ಮೇಲೆ ಬಂದು, ಎಲ್ಲರ ಎದುರು ಬಾರಿಸ್ತೀರಾ?"

"ಅಪ್ಪನ ಜಾಗದಲ್ಲಾ? ಏನಂತ ಕೂರಲಿ ನಾನು?"

"ಮಗ ಅಂತ!"

ಅವನು ತಲೆ ಎತ್ತಿ ಅವಳನ್ನೇ ನೋಡಿದ. 'ಈ ಕಣ್ಣು ಯಾಕೆ ಹೀಗೆ ನೇರ ಎದೆಗೇ ಇಳಿಯುತ್ತೆ?' ಎಂದುಕೊಂಡು ಅವಳು ಸುಮ್ಮನೆ ಸೆರಗಿನ ಹೊಟ್ಟು ಕೊಡವಿದಳು.

ಶನಿವಾರ ಸಂಜೆ ಸಭಾಂಗಣ ತುಂಬಿತ್ತು. ಪರದೆ ಏಳುವ ಮೊದಲೇ ಅವನು ಮಕ್ಕಳೆದುರು ಮಂಡಿಯೂರಿ, ತಾನು ಯಾರೆಂದು, ಬುಧವಾರ, ಗುರುವಾರ ಬಾರಿಸಿದ್ದು ತಾನೆಂದು ಒಪ್ಪಿಕೊಂಡಿದ್ದ. ಗುಬ್ಬಿ ಅವನ ಅಂಗೈ ಹಿಂದೆಮುಂದೆ ಮಾಡಿ ನೋಡಿ, ಸರಿ ಎಂಬಂತೆ ನಗಾರಿಯ ಮೇಲಿಟ್ಟಿದ್ದಳು.

ಆಟ ಶುರುವಾಯಿತು. ಹೊಳೆ ತನ್ನ ದಡ ಹುಡುಕಿಕೊಂಡು ಹೋಗುವ ಕಥೆ. ನೀಲಿ ಬಟ್ಟೆಯ ಹನ್ನೊಂದು ಮಕ್ಕಳು ಅಲೆಯಾಗಿ ಬಂದರು. ಒಂದು, ಎರಡು, ಮೂರು... ಬದಿಯಲ್ಲಿ ಬರಿಗಾಲಲ್ಲಿ ನಿಂತ ಅವಳು ಲೆಕ್ಕ ಹಿಡಿದಿದ್ದಳು.

ನಡುವೆ ಅವನತ್ತ ನೋಡಿದಳು.

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದ. ನಗಾರಿ ಮುಟ್ಟುವವರಿಲ್ಲದೆ ನಿಂತಿತ್ತು.

ಆದರೆ ಕಾಲಡಿ ಪೆಟ್ಟು ನಿಂತಿರಲಿಲ್ಲ!

ಒಂದು ಮಗುವೂ ಹೆಜ್ಜೆ ತಪ್ಪಲಿಲ್ಲ. ಗುಬ್ಬಿ ನಗುತ್ತಾ ಗಿರ್ರನೆ ತಿರುಗಿದಳು. ಸಭೆಯಲ್ಲಿದ್ದ ಕಿವಿ ಕೇಳುವ ತಂದೆತಾಯಂದಿರಿಗೆ, ನಿಶ್ಶಬ್ದದಲ್ಲಿ ಹನ್ನೊಂದು ಮಕ್ಕಳು ಒಂದೇ ಉಸಿರಲ್ಲಿ ಕುಣಿಯುವುದು ಮಾತ್ರ ಕಂಡಿತು.

ಅವನು ನಿಧಾನವಾಗಿ ಕಾಲಿನ ಚಪ್ಪಲಿ ಕಳಚಿ ಅಂಗಾಲನ್ನು ಹಲಗೆಗಿಟ್ಟ. ಅವನ ಮುಖದ ಮೇಲೆ ಹಾದುಹೋದದ್ದನ್ನು ಅವಳು ಜನ್ಮದಲ್ಲಿ ಮರೆಯಲಾರಳು. ಆಮೇಲೆ ಅವನು ಕಣ್ಣೊರೆಸಿಕೊಂಡು, ನಾಲ್ಕನೆಯ ಪೆಟ್ಟಿಗೆ ಕಾದು, ಜೊತೆಗೂಡಿದ.

ಎಲ್ಲ ಮುಗಿದು ಜನ ಚದುರಿದರು. ಇಬ್ಬರೂ ನೀಲಿ ಬಟ್ಟೆಗಳನ್ನು ಮಡಿಸುತ್ತಿದ್ದಾಗ ಗೇಟಿನ ತಾತ ಒಳಗೆ ಯಾರೂ ಇಲ್ಲವೆಂದುಕೊಂಡು ದೀಪ ಆರಿಸಿಬಿಟ್ಟರು. ಕಗ್ಗತ್ತಲು! ಬೆಳಕಿಲ್ಲದೆ ಅವಳಿಗೆ ಮಾತೂ ಇಲ್ಲ. ಅವಳು ಗಾಬರಿಯಿಂದ ಕೈಚಾಚಿದಳು.

ಬೆಚ್ಚಗಿನ ಕೈಯೊಂದು ಅವಳ ಕೈ ಹಿಡಿಯಿತು. ಅಂಗೈ ಮೇಲೆ ಬೆರಳು ಅಕ್ಷರ ಬರೆಯಿತು.

"ನಾನೇ."

ಅವಳು ಉಸಿರು ಬಿಟ್ಟು ಅವನ ಅಂಗೈ ಹುಡುಕಿದಳು. "ಭಯ ಆಯ್ತಾ, ಆಗ ರಂಗದ ಮೇಲೆ?"

"ಆಯ್ತು. ಆಮೇಲೆ ಹೋಯ್ತು. ಇಲ್ಲೇ ಇದ್ದುಬಿಡಲಾ? ಮಕ್ಕಳಿಗೋಸ್ಕರ ಮಾತ್ರ ಅಲ್ಲ... ನಿಮಗೋಸ್ಕರ."

ಅವಳು ಬೇಗ ಬೇಗ ಬರೆದಳು. "ಮೊದಲು ದೀಪ ಹಾಕ್ಸಿ. ಮುಖ ನೋಡಿ ಹೇಳ್ತೀನಿ."

"ಬೇಡ. ದೀಪ ಹಾಕೋಕೆ ಕೈ ಬಿಡಬೇಕಾಗುತ್ತೆ."

ಕತ್ತಲಲ್ಲೇ ಅವಳು ನಕ್ಕಳು. ಆಮೇಲೆ ಅವನ ಅಂಗೈ ಮೇಲೆ ಒಂದೊಂದೇ ಅಕ್ಷರ, ನಿಧಾನವಾಗಿ, ಒತ್ತಿ ಬರೆದಳು.

"ಇರಿ."